ಶಾಕ್ ಬದಲಾಯಿಸಿದರೂ ಕಾರು ತಗ್ಗಿಯೇ ನಿಂತಿದೆ

ಪ್ರಶ್ನೆ: ಸರ್, ನಮ್ಮದು 2006ರ ಆಲ್ಟೊ. ಹಿಂದೆ ಇಬ್ಬರು ಕೂತರೆ ಸಾಕು, ಹಂಪ್ ದಾಟುವಾಗ ದಡ್ ಅಂತ ಹೊಡೆಯುತ್ತದೆ. ಹಿಂದಿನ ಬಲಮೂಲೆ ಸ್ವಲ್ಪ ತಗ್ಗಿದೆ. ಹಿಂದಿನ ಎರಡೂ ಶಾಕ್ ಅಬ್ಸಾರ್ಬರ್ ಹೊಸದು ಹಾಕಿಸಿದೆ. ಕಾರು ಮೇಲೇಳಲೇ ಇಲ್ಲ. ಈಗ ಮೆಕ್ಯಾನಿಕ್ ಮುಂದಿನವೂ ಹೋಗಿವೆ ಅನ್ನುತ್ತಿದ್ದಾರೆ. ಹಾಕಿಸಲಾ?
– ಕಾಫಿ ಬೆಳೆಗಾರರು, ಆಲ್ದೂರು

ಉತ್ತರ: ಸದ್ಯಕ್ಕೆ ಬೇಡ. ಕಾರಿನ ಭಾರ ಹೊರುವುದು ಸ್ಪ್ರಿಂಗ್. ಶಾಕ್‌ನ ಕೆಲಸ ಆ ಸ್ಪ್ರಿಂಗ್ ಕುಣಿಯದ ಹಾಗೆ ಹಿಡಿಯುವುದು. ಒಳಗಿನ ಪಿಸ್ಟನ್ ಎಣ್ಣೆಯನ್ನು ಸಣ್ಣ ತೂತುಗಳಲ್ಲಿ ತಳ್ಳುತ್ತದೆ, ಕುಣಿತ ಅಲ್ಲೇ ಅಡಗುತ್ತದೆ. ಹಾಗಾಗಿ ಎಂಥ ಒಳ್ಳೆ ಶಾಕ್ ಹಾಕಿದರೂ ತಗ್ಗಿದ ಕಾರು ಏಳುವುದಿಲ್ಲ. ನಿಮ್ಮ ಕಾರಿನಲ್ಲಿ ಹಿಂದೆ ಸ್ಪ್ರಿಂಗೇ ಬೇರೆ, ಶಾಕೇ ಬೇರೆ. ಶಾಕ್ ಬದಲಾಯಿಸುವಾಗ ಸ್ಪ್ರಿಂಗನ್ನು ಯಾರೂ ನೋಡಿಲ್ಲ ಅಂತ ಕಾಣುತ್ತದೆ.

ಮೊದಲು ಅಳತೆ ತೆಗೆಯಿರಿ. ಡಿಕ್ಕಿ ಖಾಲಿ ಮಾಡಿ, ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಕಾಫಿ ಒಣಗಿಸುವ ಕಣ ಇದ್ದರೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ. ಚಕ್ರದ ನಡುವಿನಿಂದ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ಟೇಪ್ ಹಿಡಿಯಿರಿ. ನೆಲದಿಂದ ಅಳೆಯಬೇಡಿ, ಟೈರಿನ ಗಾಳಿ ಕಮ್ಮಿ ಇದ್ದರೂ ಲೆಕ್ಕ ತಪ್ಪುತ್ತದೆ. ನಾಲ್ಕೂ ಕಡೆ ಬರೆದುಕೊಳ್ಳಿ. ಎಡಕ್ಕೂ ಬಲಕ್ಕೂ ಒಂದು ಸೆಂಟಿಮೀಟರ್‌ಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಸ್ಪ್ರಿಂಗ್ ಮೇಲೆ ಅನುಮಾನ ಪಡಿ.

ಆಮೇಲೆ ಕಾರನ್ನು ಜಾಕ್ ಹಾಕಿ ಎತ್ತಿಸಿ, ಕೆಳಗೆ ಸ್ಟ್ಯಾಂಡ್ ಕೊಡಿಸಿ, ಚಕ್ರ ಬಿಚ್ಚಿಸಿ. ಬರೀ ಜಾಕ್ ನಂಬಿ ಕೈ ಹಾಕಲೇಬೇಡಿ. ಸ್ಪ್ರಿಂಗಿನ ಕೆಳತುದಿ ಒಂದು ಬಟ್ಟಲಿನಂಥ ಸೀಟಿನಲ್ಲಿ ಕೂತಿರುತ್ತದೆ. ನಮ್ಮ ಮಲೆನಾಡಿನ ಕಾರುಗಳಲ್ಲಿ ಅದರ ತುಂಬಾ ಕೆಂಪು ಮಣ್ಣು ಮೆತ್ತಿಕೊಂಡಿರುತ್ತದೆ. ಮಳೆಗಾಲ ಪೂರ್ತಿ ಅದು ಒಣಗುವುದೇ ಇಲ್ಲ. ಪೇಂಟ್ ಹೋಗುತ್ತದೆ, ತುಕ್ಕು ಹಿಡಿಯುತ್ತದೆ, ಕೊನೆಯ ಸುತ್ತು ಅಲ್ಲೇ ಮುರಿಯುತ್ತದೆ. ಮುರಿದ ತುಂಡು ಮಣ್ಣಲ್ಲಿ ಹೂತುಕೊಂಡು ಅಲ್ಲೇ ಉಳಿಯುವುದರಿಂದ ಬಗ್ಗಿ ನೋಡಿದರೆ ಏನೂ ಕಾಣುವುದಿಲ್ಲ. ಹಳೆ ಸ್ಕ್ರೂಡ್ರೈವರ್‌ನಿಂದ ಮಣ್ಣು ಕೆರೆದು, ನೀರು ಬಿಟ್ಟು, ಟಾರ್ಚ್ ಹಿಡಿದು ನೋಡಿಸಿ. ತಂತಿಯ ತುದಿ ಕಾರ್ಖಾನೆಯಲ್ಲಿ ಕತ್ತರಿಸಿದ ಹಾಗೆ ನೀಟಾಗಿದೆಯಾ, ಇಲ್ಲಾ ಮೊನಚಾಗಿ, ಒರಟಾಗಿ ಇದೆಯಾ? ಎಡಗಡೆಯ ತುದಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಸುತ್ತುಗಳ ನಡುವೆ ಉಜ್ಜಿ ಹೊಳೆಯುವ ಗುರುತಿದ್ದರೆ, ಸ್ಪ್ರಿಂಗ್ ಸೋತು ಒಂದರ ಮೇಲೊಂದು ತಾಗುತ್ತಿದೆ ಅಂತ ಅರ್ಥ.

ನಿಮ್ಮ ಆ ದಡ್ ಶಬ್ದ ಬಹುಶಃ ಬಂಪ್ ಸ್ಟಾಪ್‌ನದು, ಅಂದರೆ ಸ್ಪ್ರಿಂಗ್ ಪೂರ್ತಿ ಅದುಮಿದಾಗ ಪೆಟ್ಟು ತಡೆಯುವ ರಬ್ಬರ್ ತುಂಡಿನದು. ಕಾರು ಮೊದಲೇ ತಗ್ಗಿರುವಾಗ ಇಬ್ಬರು ಕೂತರೆ ಆ ರಬ್ಬರಿಗೆ ಬಡಿಯಲು ಎಷ್ಟು ಹೊತ್ತು ಬೇಕು? ಅದನ್ನೂ ನೋಡಿಸಿ, ಹರಿದಿದ್ದರೆ ಬದಲಾಯಿಸಿ. ಸ್ಪ್ರಿಂಗ್ ಹಾಕಿಸುವುದಾದರೆ ಎರಡೂ ಕಡೆ ಒಟ್ಟಿಗೆ ಹಾಕಿಸಿ. ಸುತ್ತುಗಳ ನಡುವೆ ರಬ್ಬರ್ ತುರುಕಿ ಎತ್ತರ ಮಾಡಿಕೊಡುತ್ತೇವೆ ಅಂದರೆ ದಯವಿಟ್ಟು ಒಪ್ಪಬೇಡಿ. ರಬ್ಬರ್ ಇರುವ ಸುತ್ತು ಕೆಲಸ ಮಾಡುವುದಿಲ್ಲ, ಅದರ ಪಾಲಿನ ಕುಗ್ಗುವ ಕೆಲಸವೆಲ್ಲ ಉಳಿದ ಸುತ್ತುಗಳ ಮೇಲೆ ಬೀಳುತ್ತದೆ. ಇನ್ನೊಂದು, ಡಿಎಪಿ ಮೂಟೆ 50 ಕೆಜಿ. ನಾಲ್ಕು ಹೇರಿದರೆ 200 ಕೆಜಿ, ಅದೂ ಎಲ್ಲ ಹಿಂದೆಯೇ. ಗೊಬ್ಬರ ತರಲು ಪಿಕಪ್ ಕರೆಯಿರಿ, ಈ ಕಾರಿಗೆ ಆ ಹೊರೆ ಬೇಡ.

ಮುಂದಿನವು ನಿಜಕ್ಕೂ ಹೋಗಿವೆಯಾ? ಬಾನೆಟ್ ಮೂಲೆಯನ್ನು ಜೋರಾಗಿ ಅದುಮಿ ಬಿಡಿ. ಎದ್ದು ನಿಂತರೆ ಸರಿ. ಎರಡು ಮೂರು ಸಲ ತೂಗಿದರೆ ಹೋಗಿದೆ. ಆದರೆ ಅರ್ಧ ಸೋತ ಶಾಕ್ ಈ ಪರೀಕ್ಷೆಯಲ್ಲಿ ಪಾಸಾಗಿಬಿಡುತ್ತದೆ. ಅದಕ್ಕೇ ಟೈರಿನ ಮೇಲೆ ಅಂಗೈ ಆಡಿಸಿ. ಉದ್ದಕ್ಕೂ ಅಲೆ ಅಲೆಯಾಗಿ ಉಬ್ಬುತಗ್ಗು ಸಿಕ್ಕರೆ, ಚಕ್ರ ರಸ್ತೆ ಬಿಟ್ಟು ಕುಪ್ಪಳಿಸುತ್ತಿರಬಹುದು. ಬ್ರೇಕ್ ಒತ್ತಿದಾಗ ಮೂತಿ ಜಾಸ್ತಿ ಕುಸಿಯುವುದೂ ಒಂದು ಲಕ್ಷಣ. ಬದಲಾಯಿಸುವುದೇ ಆದರೆ, ಮುಂದೆ ಶಾಕನ್ನು ಒಳಗೊಂಡ ಸ್ಟ್ರಟ್ ಎಂಬ ಕಂಬದ ಮೇಲೆಯೇ ಸ್ಪ್ರಿಂಗ್ ಒತ್ತಿ ಕೂತಿರುತ್ತದೆ. ಸ್ಪ್ರಿಂಗನ್ನು ಅದುಮಿ ಹಿಡಿಯುವ ಸಾಧನ (ಸ್ಪ್ರಿಂಗ್ ಕಂಪ್ರೆಸರ್) ಹಾಕಿ ಬಿಗಿಯದೆ ಮೇಲಿನ ನಟ್ ಬಿಚ್ಚಿದರೆ ಅದು ಚಿಮ್ಮಿ ಪ್ರಾಣವನ್ನೇ ತೆಗೆಯಬಹುದು. ಆ ಸಾಧನ ಇರುವ ಗ್ಯಾರೇಜಿಗೇ ಹೋಗಿ, ಮುಗಿದ ಮೇಲೆ ಅಲೈನ್‌ಮೆಂಟ್ ಮಾಡಿಸಿ.

ಪ್ರಶ್ನೆ: ಶಾಕ್ ಮೇಲೆ ಎಣ್ಣೆ ಪಸೆ ಇದೆ. ಸ್ಟೇರಿಂಗ್ ತಿರುಗಿಸಿದರೆ ಕಿರ್ ಅನ್ನುತ್ತದೆ. ಎರಡಕ್ಕೂ ಒಂದೇ ಕಾರಣವಾ?
– ಓದುಗರು, ಸಕಲೇಶಪುರ

ಉತ್ತರ: ಅಲ್ಲ. ತೆಳುವಾಗಿ ಪಸೆ ಇದ್ದರೆ ಒರೆಸಿ, ಶಿರಾಡಿ ಘಾಟಿ ಒಮ್ಮೆ ಇಳಿದು ಹತ್ತಿ ಬಂದು ನೋಡಿ. ಮತ್ತೆ ಒದ್ದೆಯಾಗಿ ಇಳಿದು ಧೂಳು ಅಂಟಿದ್ದರೆ ಸೀಲ್ ಹೋಗಿದೆ, ಬದಲಾಯಿಸಿ. ಕಿರ್ ಶಬ್ದ ಹೆಚ್ಚಾಗಿ ಸ್ಟ್ರಟ್ ಮೇಲಿನ ಬೇರಿಂಗಿನದು. ಬಾನೆಟ್ ಎತ್ತಿ ಮೌಂಟಿಂಗ್ ಮೇಲೆ ಬೆರಳಿಟ್ಟುಕೊಳ್ಳಿ, ಇನ್ನೊಬ್ಬರಿಗೆ ಸ್ಟೇರಿಂಗ್ ತಿರುಗಿಸಲು ಹೇಳಿ. ಅದು ಬೇರಿಂಗೇ ಆಗಿದ್ದರೆ ಬೆರಳಿಗೆ ಅದುರು ಗೊತ್ತಾಗುತ್ತದೆ.