ಎಳ್ಳು ಅಮಾವಾಸ್ಯೆಗೆ ಮಾತ್ರ ಊರಿಗೆ ಹೋಗಿ

ಹಿಂಜೆವಾಡಿಗೆ ಹೊಸದಾಗಿ ಬಂದಿದ್ದೇನೆ, ಪುಣೆಯಲ್ಲಿ ನಮ್ಮ ಹಬ್ಬಗಳನ್ನು ಹೇಗೆ ಮಾಡುತ್ತೀರಿ, ರಜೆ ಸಿಗುತ್ತದಾ ಎಂದು ಕೇಳಿದ್ದೀರಿ. ನೀವೂ ಜಮಖಂಡಿ ಕಡೆಯವರು, ಜಾಸ್ತಿ ಬಿಡಿಸಿ ಹೇಳಬೇಕಿಲ್ಲ.

ಯುಗಾದಿಯ ಚಿಂತೆ ಬಿಡಿ. ಅವತ್ತೇ ಇಲ್ಲಿ ಗುಡಿ ಪಾಡ್ವಾ, ರಜೆಯೂ ಇರುತ್ತದೆ. ಸಂಕ್ರಾಂತಿಗೆ ಇವರು ತಿಳಗೂಳ (ಎಳ್ಳು-ಬೆಲ್ಲ) ಕೊಡುತ್ತಾರೆ, ನೀವು ಕುಸುರೆಳ್ಳು ಕೊಡಿ. ಗೌರಿ ಇಲ್ಲಿ ಗಣಪತಿ ಬಂದ ಮೇಲೆ ಬರುತ್ತಾಳೆ, ಮೂರು ದಿನ ಇರುತ್ತಾಳೆ. ನಿಮ್ಮ ಮನೆಯ ಪದ್ಧತಿ ಏನೆಂದು ಅತ್ತೆಯವರನ್ನು ಕೇಳಿಕೊಳ್ಳಿ.

ನಾನು ಬಂದ ವರ್ಷ ದಸರೆಗೆ ಬನ್ನಿ ಹುಡುಕಿ ಮಂಡಯಿ ಮಾರುಕಟ್ಟೆಯೆಲ್ಲ ತಿರುಗಿದ್ದೆ. ಸಂಜೆ ಪಕ್ಕದ ಮನೆಯ ಅಜ್ಜಿ ಆಪಟಾ ಎಲೆ ಕೈಗಿಟ್ಟು 'ಸೋನಂ ಘ್ಯಾ' (ಬಂಗಾರ ತಗೊಳ್ಳಿ) ಅಂದರು. ಗಿಡ ಬೇರೆ, ಆದರೆ ಎಲೆಯನ್ನು ಬಂಗಾರ ಎಂದು ಕೊಟ್ಟು ಹಿರಿಯರ ಕಾಲು ಮುಟ್ಟುವುದು ನಮ್ಮ ಹಾಗೇ. ಈ ಊರಲ್ಲಿ ಬಾಳಬಹುದು ಅನಿಸಿತು.

ಮನೆಯೊಳಗಿನ ಹಬ್ಬ ಎಲ್ಲಾದರೂ ನಡೆಯುತ್ತದೆ. ಹೊಲದ ಹಬ್ಬ ನಡೆಯುವುದಿಲ್ಲ. ಎಳ್ಳು ಅಮಾವಾಸ್ಯೆ ಎಂದರೆ ಎರೆಹೊಲದಲ್ಲಿ ಎದೆಮಟ್ಟ ನಿಂತ ಹಿಂಗಾರಿ ಜೋಳ, ಪಕ್ಕದಲ್ಲಿ ಕಡಲೆ, ಕುಸುಬೆ. ಐದು ಕಲ್ಲಿಟ್ಟು ಪಾಂಡವರೆಂದು ಪೂಜೆ ಮಾಡಬೇಕು. ಬಸುರಿ ಭೂತಾಯಿಯ ಬಯಕೆ ತೀರಲಿ ಎಂದು ಸಜ್ಜೆ ಕಡುಬು, ಭಜ್ಜಿ, ಶೇಂಗಾ ಹೋಳಿಗೆಯನ್ನು ಮೊದಲು ಅವಳಿಗೆ ಚರಗ ಚೆಲ್ಲಬೇಕು, ಅಂದರೆ ನೈವೇದ್ಯವಾಗಿ ಹೊಲದ ತುಂಬ ಎರಚಬೇಕು. ಆಮೇಲೆ ನಮ್ಮ ಊಟ. ಇದನ್ನು ಫ್ಲ್ಯಾಟಿನ ಬಾಲ್ಕನಿಯಲ್ಲಿ ಯಾರಿಗೆ ಚೆಲ್ಲುತ್ತೀರಿ?

ನಮ್ಮ ಹೊಲ ಕೃಷ್ಣೆಯ ದಂಡೆಗಿತ್ತು. ಆಲಮಟ್ಟಿ ಹಿನ್ನೀರಿನಲ್ಲಿ ಹೋಯಿತು. ಪರಿಹಾರದ ಹಣ ಬಂತು, ಅಣ್ಣಂದಿರು ಪುನರ್ವಸತಿ ಕೇಂದ್ರದಲ್ಲಿ ಮನೆ ಕಟ್ಟಿದರು. ನನ್ನ ಮಗಳು ಹುಟ್ಟಿದ್ದು ಅದರ ನಂತರ. ಅವಳಿಗೆ ಗಣಪತಿಯ ಮರಾಠಿ ಆರತಿ ಪೂರ್ತಿ ಬಾಯಿಪಾಠ, ಢೋಲು ಬಾರಿಸುತ್ತಾಳೆ, ನನಗೆ ಹೆಮ್ಮೆಯೇ. ಆದರೆ ಅಜ್ಜ ಬುಟ್ಟಿ ಹಿಡಿದು ಜೋಳದ ಸಾಲಿನಲ್ಲಿ ಕೂಗುತ್ತಾ ಹೋಗುವುದನ್ನು ಅವಳು ನೋಡಲಿಲ್ಲ. ಎಷ್ಟು ಹೇಳಿದರೂ ಅದು ಅವಳಿಗೆ ಬರೀ ಕಥೆ. ಈ ನೋವು ನನಗೆ ಹೋಗುವುದಿಲ್ಲ.

ನಿಮ್ಮ ಹೊಲ ಇನ್ನೂ ಇದೆ, ಅಲ್ವಾ? ಹಾಗಿದ್ದರೆ ದೀಪಾವಳಿಗೆ ಊರಿಗೆ ಹೋಗದಿದ್ದರೂ ನಡೆಯುತ್ತದೆ, ಇದಕ್ಕೆ ಹೋಗಿ, ಮಕ್ಕಳನ್ನೂ ಕರೆದುಕೊಂಡು ಹೋಗಿ. ಡಿಸೆಂಬರ್ ಕೊನೆಗೋ ಜನವರಿಗೋ ಬರುತ್ತದೆ. ಇಲ್ಲಿ ಅವತ್ತು ರಜೆ ಇಲ್ಲ, ಪಂಚಾಂಗ ನೋಡಿ ಮೊದಲೇ ಕೇಳಿಟ್ಟುಕೊಳ್ಳಿ. ರಜೆ ಸಿಗಲೇ ಇಲ್ಲವೆಂದರೆ ಆಫೀಸಿನಲ್ಲಿ ಲಾತೂರು, ಧಾರಾಶಿವ (ಹಿಂದಿನ ಉಸ್ಮಾನಾಬಾದ್) ಕಡೆಯವರನ್ನು ಹುಡುಕಿ. ಅವರಿಗೂ ಅವತ್ತೇ ವೇಳ ಅಮಾವಾಸ್ಯೆ, ಅವರೂ ಹೊಲಕ್ಕೇ ಹೋಗಿ ಉಣ್ಣುವವರು. ಡಬ್ಬಿಯಲ್ಲಿ ಸಜ್ಜೆ ಕಡುಬು ಒಯ್ದು ಅವರ ಜೊತೆ ಕೂತು ಉಣ್ಣಿ. ಸಜ್ಜೆ ಹಿಟ್ಟು ಬೇಕಿದ್ದರೆ ನಮ್ಮ ಮನೆಗೆ ಬನ್ನಿ, ಊರಿಂದ ತರಿಸಿದ್ದು ಇದೆ.