ಮ್ಯಾಗಜಿನ್ ಲಿಪ್ ಬಗ್ಗಿಸುವ ಮೊದಲು ಇದನ್ನು ಓದಿ

ರೈಗಳೇ, ಮೊದಲು ಆ ನೋಸ್ ಪ್ಲೈಯರ್ ಕೆಳಗಿಡಿ. ನಿಮ್ಮ .22 ರೈಫಲಿನ ಮ್ಯಾಗಜಿನ್‌ಗೆ, ಅಂದರೆ ತೋಟೆ ತುಂಬುವ ಡಬ್ಬಿಗೆ, ಐದು ಹಾಕಿದರೆ ಮೂರನೇ ರೌಂಡ್ (ತೋಟೆ) ಸಿಕ್ಕಿಕೊಳ್ಳುತ್ತದೆ, ಅದರ ಬಾಯಿಯಲ್ಲಿ ತೋಟೆ ಹಿಡಿದಿಡುವ ಎಡದ ಅಂಚು, ಅಂದರೆ ಎಡದ ಲಿಪ್, ಎಷ್ಟು ಬಗ್ಗಿಸಬೇಕು ಅಂತ ಕೇಳಿದ್ದೀರಿ. ಕೂದಲಿನಷ್ಟೂ ಬಗ್ಗಿಸಬೇಡಿ. ನಿಮ್ಮ ಪ್ರಶ್ನೆಯ ಕೆಳಗೆ ಇಬ್ಬರು "ಸ್ವಲ್ಪ ಒಳಗೆ ಒತ್ತಿ, ಸರಿಯಾಗ್ತದೆ" ಅಂತ ಬರೆದಿದ್ದಾರೆ. ಆರು ವರ್ಷದ ಹಿಂದೆ ನನಗೂ ಒಬ್ಬರು ಹೀಗೇ ಹೇಳಿದ್ದರು. ನಾನು ಒತ್ತಿದೆ.

ಆಗ ಆಟಿ ತಿಂಗಳು, ಮಳೆಗಾಲ. ನನಗೂ ನಿಮ್ಮದೇ ತೊಂದರೆ. ಮೊದಲ ಎರಡು ಸಲೀಸಾಗಿ ಹೋಗುವುದು, ಮೂರನೇದಕ್ಕೆ ಬೋಲ್ಟ್ (ತೋಟೆಯನ್ನು ನಳಿಗೆಯೊಳಗೆ ದೂಡುವ ಸರಳು) ಅರ್ಧದಲ್ಲಿ ನಿಲ್ಲುವುದು. ಬಲ ಹಾಕಿದರೆ ಸೀಸದ ಮೂತಿ ಚಪ್ಪಟೆ. ಮನೆಗೆ ಬಂದು ಎಡದ ಲಿಪ್ ಒತ್ತಿದೆ. ಮುಂದಿನ ವಾರ ಮೂರನೇ ರೌಂಡ್ ಮೂತಿ ಮೇಲೆತ್ತಿಕೊಂಡು ನಿಂತಿತು. ಹಾಗಾದರೆ ಜಾಸ್ತಿ ಒತ್ತಿದೆ ಅಂತ ಹಿಂದಕ್ಕೆ ಬಗ್ಗಿಸಿದೆ. ಅದರ ಮುಂದಿನ ವಾರ ಇನ್ನೊಮ್ಮೆ. ಮೂರನೇ ಸಲ ಮೂಲೆಯಲ್ಲಿ ಸಣ್ಣ ಬಿರುಕು ಬಿತ್ತು. ಲಿಪ್ ಹದ ಕೊಟ್ಟ ಸ್ಟೀಲ್, ತಂತಿಯ ಹಾಗೆ ಆಚೆ ಈಚೆ ಬಗ್ಗಿಸುವ ವಸ್ತು ಅಲ್ಲ. ಒರಿಜಿನಲ್ ಬರಲು ನಾಲ್ಕು ತಿಂಗಳು ಕಾದೆ. ಅಷ್ಟರಲ್ಲಿ ಕಡಿಮೆಗೆ ಸಿಗುತ್ತದೆ ಅಂತ ಡೂಪ್ಲಿಕೇಟ್ ಒಂದು ತಂದೆ. ಅದು ರೈಫಲಿನಲ್ಲಿ ಕೂತರೂ ಅಲ್ಲಾಡುತ್ತಿತ್ತು.

ಆಮೇಲೆ ನಮ್ಮ ಕ್ಲಬ್ಬಿನ ಹಿರಿಯರೊಬ್ಬರು ನನ್ನ ಎರಡನೇ ಮ್ಯಾಗಜಿನ್ ತೆಗೆದುಕೊಂಡರು. ಅದೂ ಸಿಕ್ಕಿಕೊಳ್ಳುತ್ತಿತ್ತು. ನಾನು ತುಂಬಿದ್ದ ಐದನ್ನೂ ಹೊರಗೆ ತೆಗೆದು, ಅವರೇ ಪುನಃ ತುಂಬಿ ಕೊಟ್ಟರು. ಐದೂ ಹೋಯಿತು. ಇನ್ನೊಮ್ಮೆ ತುಂಬಿದರು, ಪುನಃ ಐದೂ ಹೋಯಿತು. ತಪ್ಪು ಲಿಪ್ಪಿನದ್ದಲ್ಲ, ನನ್ನ ಹೆಬ್ಬೆರಳಿನದ್ದು.

ವಿಷಯ ಇಷ್ಟೇ. .22 ತೋಟೆಗೆ ಹಿಂದೆ ಅಗಲದ ಅಂಚು, ಅಂದರೆ ರಿಮ್, ಇದೆ. ಬೋಲ್ಟ್ ಮೇಲಿನ ರೌಂಡನ್ನು ಮುಂದಕ್ಕೆ ದೂಡುತ್ತದೆ. ಮೇಲಿನದರ ರಿಮ್ ಕೆಳಗಿನದರ ರಿಮ್ಮಿನ ಹಿಂದೆ ಕೂತಿದ್ದರೆ, ಅದು ಕೆಳಗಿನದನ್ನೂ ಎಳೆದುಕೊಂಡು ಹೋಗಿ ಸಿಕ್ಕಿಬೀಳುತ್ತದೆ. ಮೇಲಿನ ರಿಮ್ ಯಾವಾಗಲೂ ಕೆಳಗಿನ ರಿಮ್ಮಿನ ಮುಂದೆ ಇರಬೇಕು. ಮೇಲಿಂದ ನೇರ ಒತ್ತಿ ತುರುಕಿದರೆ ರಿಮ್ ಎಲ್ಲಿ ಕೂರುತ್ತದೆ ಅಂತ ಹೇಳಲಾಗುವುದಿಲ್ಲ. ಮೊದಲ ಎರಡು ಸರಿ ಹೋಗಿ ಮೂರನೇದು ನಿಲ್ಲುವುದು ಅದಕ್ಕೇ: ಆ ಒಂದು ಜೋಡಿ ಮಾತ್ರ ತಪ್ಪಿ ಕೂತಿದೆ. ಲಿಪ್ಪಿನದ್ದೇ ದೋಷವಾಗಿದ್ದರೆ ಒಂದನೇದೂ ತಕರಾರು ಮಾಡಬೇಕಿತ್ತು, ಅಲ್ವಾ?

ನಾನು ಈಗ ಮಾಡುವುದು ಹೀಗೆ. ಹೆಬ್ಬೆರಳಿನಿಂದ ಕೆಳಗಿನ ರೌಂಡಿನ ಹಿಂಭಾಗ ಒತ್ತಿ ಹಿಡಿಯುತ್ತೇನೆ. ಹೊಸದನ್ನು ಮುಂದಿನಿಂದ ಲಿಪ್ಪಿನ ಅಡಿಗೆ ಜಾರಿಸುತ್ತೇನೆ. ಪ್ರತಿಯೊಂದು ಹಾಕಿದ ಮೇಲೂ ಬೆಳಕಿಗೆ ಹಿಡಿದು ಬದಿಯಿಂದ ನೋಡುತ್ತೇನೆ. ಹಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಮೆಟ್ಟಿಲಾಗಿ ಕಾಣಬೇಕು. ಕಾಣದಿದ್ದರೆ ತೆಗೆದು ಪುನಃ ಹಾಕಬೇಕು. ಐದು ರೌಂಡಿಗೆ ಅರ್ಧ ನಿಮಿಷ ಜಾಸ್ತಿ ಹಿಡಿಯುತ್ತದೆ. ಆರು ವರ್ಷದಲ್ಲಿ ಒಂದು ಮೂತಿಯೂ ಚಪ್ಪಟೆಯಾಗಿಲ್ಲ. ಮೂತಿ ಕೆಟ್ಟ ರೌಂಡನ್ನು ಗುರಿಗೆ ಹೊಡೆಯಲೇಬೇಡಿ. 50 ಮೀಟರ್ ಟಾರ್ಗೆಟ್ಟಿನಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 10.4 ಮಿಲಿಮೀಟರ್ ಮಾತ್ರ. ಅಂಥ ಒಂದು ಗುಂಡು ಎಂಟಕ್ಕೆ ಹೋದರೆ ನೀವು ಸುಮ್ನೆ ನಿಮ್ಮ ಟ್ರಿಗರ್ ಮೇಲೆ ಸಂಶಯಪಡುತ್ತೀರಿ.

ಹೀಗೆ ತುಂಬಿದ ಮೇಲೂ ಸಿಕ್ಕಿಕೊಂಡರೆ ಮ್ಯಾಗಜಿನ್ ಬದಲಿಸಿ ನೋಡಿ. ಎರಡರಲ್ಲೂ ಅದೇ ತೊಂದರೆ ಇದ್ದರೆ ರೈಫಲಿನ ಚೇಂಬರ್ (ನಳಿಗೆಯ ಹಿಂದೆ ತೋಟೆ ಕೂರುವ ಗೂಡು), ಎಕ್ಸ್‌ಟ್ರಾಕ್ಟರ್ (ತೋಟೆಯನ್ನು ಹೊರಗೆ ಎಳೆಯುವ ಕೊಕ್ಕೆ) ನೋಡಬೇಕು. ಒಂದರಲ್ಲಿ ಮಾತ್ರ ಅಂದರೆ ಆ ಮ್ಯಾಗಜಿನ್ ಬಿಚ್ಚಿ. ಇದಕ್ಕೇ ನಾನು ಪ್ರತಿಯೊಂದಕ್ಕೂ ಪೇಂಟಿನಲ್ಲಿ ನಂಬರ್ ಬರೆದಿದ್ದೇನೆ. ಯಾವುದು, ಎಷ್ಟನೇ ರೌಂಡಿನಲ್ಲಿ ನಿಂತಿತು ಅಂತ ಸ್ಕೋರ್ ಪುಸ್ತಕದಲ್ಲೇ ಗೀಚಿಡುತ್ತೇನೆ.

ಇನ್ನೊಂದು, ಇದು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ನಿಮ್ಮ ಫೋಟೋದಲ್ಲಿ ಊಟದ ಮೇಜಿನ ಮೇಲೆ ನಿಜವಾದ ರೌಂಡ್ ಹಾಕಿ ಬೋಲ್ಟ್ ಆಡಿಸಿ ನೋಡಿದ್ದು ಕಾಣುತ್ತದೆ. ಪಕ್ಕದಲ್ಲಿ ಮಗುವಿನ ಪುಸ್ತಕ ಇದೆ. ಮನೆಯಲ್ಲಿ ಹೀಗೆ ಪರೀಕ್ಷೆ ಮಾಡುವುದು ಬೇಡವೇ ಬೇಡ. .22ರ ಮದ್ದಿಲ್ಲದ ಡಮ್ಮಿ ರೌಂಡ್ ಸಿಗುತ್ತದೆ, ಐದು ತಂದಿಟ್ಟುಕೊಳ್ಳಿ. ಇಲ್ಲದಿದ್ದರೆ ರೇಂಜಿಗೇ ಹೋಗಿ ನೋಡಿ. ಮ್ಯಾಗಜಿನ್ ತೆಗೆದ ಕೂಡಲೇ ಕೋವಿ ಖಾಲಿಯಾಯಿತು ಅಂತ ತಿಳಿಯಬೇಡಿ. ಚೇಂಬರಿನಲ್ಲಿ ಒಂದು ಉಳಿದಿರಬಹುದು. ಬೋಲ್ಟ್ ತೆರೆದು ಕಣ್ಣಲ್ಲಿ ನೋಡಿ, ಕಿರುಬೆರಳು ಹಾಕಿ ನೋಡಿ. ರೇಂಜಿನಲ್ಲಿ ಹೊಡೆದದ್ದು ಸಿಡಿಯದಿದ್ದರೆ ಕೂಡಲೇ ಬೋಲ್ಟ್ ಎಳೆಯಬೇಡಿ. ಕೋವಿಯ ಮೂತಿ ಟಾರ್ಗೆಟ್ ಕಡೆಗೇ ಇಟ್ಟು 30 ಸೆಕೆಂಡ್ ಕಾಯಿರಿ.

ಈಗ ಎಣ್ಣೆಯ ವಿಷಯ. ಒಳಗೆ ತೆಂಗಿನೆಣ್ಣೆ ಬಿಟ್ಟಿದ್ದೇನೆ ಅಂದಿದ್ದೀರಿ. ಮಾರಾಯ್ರೇ, ಅಜ್ಜನ ಕಾಲದ ಕೇಪಿನ ಕೋವಿಗೆ ಹೊರಗೆ ಸವರಿದ್ದು ಸರಿ. ಮ್ಯಾಗಜಿನ್ ಒಳಗೆ ಬೇಡ. ಚಳಿಗೆ ಹೆಪ್ಪುಗಟ್ಟುತ್ತದೆ, ಹಳತಾದರೆ ಅಂಟಾಗುತ್ತದೆ. .22 ಗುಂಡಿನ ಹೊರಮೈಗೇ ಮೇಣ ಇರುತ್ತದೆ. ಆ ಮೇಣ, ಮದ್ದಿನ ಮಸಿ, ಎಣ್ಣೆ ಮೂರೂ ಸೇರಿದರೆ ಸ್ಪ್ರಿಂಗಿನ ಮೇಲೆ ಕೂತು ತೋಟೆಗಳನ್ನು ಮೇಲಕ್ಕೆತ್ತುವ ಫಾಲೋವರ್ ಅಡಿಯಲ್ಲಿ ಕಪ್ಪು ಅಂಟು ಕೂರುತ್ತದೆ. ಫಾಲೋವರ್ ಮೇಲೇಳಲು ಒಂದು ಕ್ಷಣ ತಡವಾದರೆ ಸಾಕು, ಬೋಲ್ಟ್ ರೌಂಡನ್ನು ಬಿಟ್ಟು ಮುಂದೆ ಹೋಗುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಕೂಡ ಬೇಡ. ಸಂದಿಗೆ ಇಳಿಯುವುದೇ ಅದರ ಗುಣ, ತೋಟೆಯೊಳಗೆ ಇಳಿದರೆ ಮದ್ದು ಕೆಡಬಹುದು.

500 ರೌಂಡಿಗೊಮ್ಮೆ ಬಿಚ್ಚಿದರೆ ಸಾಕು. ಅಡಿ ಪ್ಲೇಟ್ ಜಾರಿಸುವಾಗ ಇಡೀ ಮ್ಯಾಗಜಿನ್ ಪ್ಲಾಸ್ಟಿಕ್ ಚೀಲದೊಳಗೆ ಇರಲಿ. ಸ್ಪ್ರಿಂಗ್ ಹಾರಿದರೂ ಚೀಲದಲ್ಲೇ ಬೀಳುತ್ತದೆ. ಸ್ಪ್ರಿಂಗಿನ ಯಾವ ತುದಿ ಮೇಲಿತ್ತು ಅಂತ ಮೊದಲೇ ಫೋಟೋ ತೆಗೆಯಿರಿ. ಹಳೆ ಹಲ್ಲುಜ್ಜುವ ಬ್ರಷ್, ಒಣ ಬಟ್ಟೆ, ಬೇಕಿದ್ದರೆ ಸ್ವಲ್ಪ ಸ್ಪಿರಿಟ್. ಸ್ಟೀಲಿನದ್ದಾದರೆ ಬ್ಯಾಲಿಸ್ಟಾಲ್ ಎಂಬ ಕೋವಿ ಎಣ್ಣೆಯ ಹನಿ ಹಾಕಿದ ಬಟ್ಟೆಯಲ್ಲಿ ಒರೆಸಿ, ಪುನಃ ಒಣ ಬಟ್ಟೆಯಲ್ಲಿ ಒರೆಸಿ. ಪ್ಲಾಸ್ಟಿಕ್‌ನದ್ದಕ್ಕೆ ಎಣ್ಣೆಯೇ ಬೇಡ. ಸ್ಪ್ರಿಂಗ್ ಎಳೆದು ಉದ್ದ ಮಾಡುವವರಿದ್ದಾರೆ. ನಾಲ್ಕು ದಿನ ಚುರುಕಾಗಿರುತ್ತದೆ, ಆಮೇಲೆ ಮೊದಲಿಗಿಂತ ಸೋಲುತ್ತದೆ. ಹೊಸ ಸ್ಪ್ರಿಂಗ್ ತನ್ನಿ.

ನಮ್ಮ ಊರಿನ ಮಳೆಗಾಲಕ್ಕೆ ಫೋಮ್ ಕೇಸ್ ಶತ್ರು. ಫೋಮ್ ತೇವ ಹಿಡಿದಿಟ್ಟುಕೊಳ್ಳುತ್ತದೆ. ಚರ್ಮದ ಚೀಲವೂ ಹಾಗೇ. ಒಣಗಿಸಿದ ಸಿಲಿಕಾ ಜೆಲ್ ಹಾಕಿದ ಬಿಗಿ ಮುಚ್ಚಳದ ಸ್ಟೀಲ್ ಡಬ್ಬ ಒಳ್ಳೆಯದು. ನೀಲಿ ಕಾಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ಪುನಃ ಬಿಸಿ ಮಾಡಿ. ಉಪ್ಪಳ, ಕುಂಬಳೆ ಕಡೆ ಕಡಲ ಬದಿಯವರು ಇನ್ನೂ ಜಾಗ್ರತೆ ಮಾಡಬೇಕು. ಮತ್ತೆ, ತೋಟದಲ್ಲಿ ಬೋರ್ಡೋ (ಮೈಲುತುತ್ತು, ಸುಣ್ಣದ ದ್ರಾವಣ) ಬಿಟ್ಟು ಬಂದ ಕೈಯಲ್ಲಿ ಮ್ಯಾಗಜಿನ್ ಮುಟ್ಟಲೇಬೇಡಿ. ಸುಣ್ಣ ಸಾಕಾಯಿತಾ ಅಂತ ಕತ್ತಿಯ ಅಲಗು ಅದ್ದಿ ನೋಡುತ್ತೇವಲ್ಲ, ಸಾಲದಿದ್ದರೆ ಕಬ್ಬಿಣಕ್ಕೆ ತಾಮ್ರದ ಕೆಂಪು ಹಿಡಿಯುತ್ತದೆ. ಅದೇ ಮೈಲುತುತ್ತು ಉಗುರಿನ ಸಂದಿಯಲ್ಲಿದ್ದರೆ ಲಿಪ್ಪಿಗೂ ಅದೇ ಗತಿ. ಸೋಪಿನಲ್ಲಿ ತೊಳೆದು, ಒರೆಸಿ, ಆಮೇಲೆ ಮುಟ್ಟಿ. ಹೊಡೆದಾದ ಮೇಲೂ ಸೀಸದ ಕೈ ತೊಳೆಯದೆ ಚಾ ತಿಂಡಿಗೆ ಕೂರಬೇಡಿ.

ಹೊಸತು ತರುವುದಾದರೆ ರೈಫಲ್ ಮಾಡಿದ ಕಂಪೆನಿಯದ್ದೇ ತನ್ನಿ, ಐದರದ್ದೇ ತನ್ನಿ. ಹತ್ತರದ್ದು ಪ್ರೋನ್‌ನಲ್ಲಿ, ಅಂದರೆ ಮಲಗಿ ಹೊಡೆಯುವಾಗ, ಕೆಳಗೆ ತಾಗುತ್ತದೆ, ರಿಮ್ ತಪ್ಪುವ ಅವಕಾಶವೂ ಜಾಸ್ತಿ. ಸಿಝೆಡ್ ಕಂಪೆನಿಯ ರೈಫಲ್ ಇದ್ದವರಿಗೆ 452, 455, 457 ಮಾದರಿ ಮೂರಕ್ಕೂ ಒಂದೇ ಮ್ಯಾಗಜಿನ್ ಆಗುತ್ತದೆ, ಒಂದೊಂದೇ ಹಾಕುವ ಸಿಂಗಲ್ ಶಾಟ್ ಅಡಾಪ್ಟರ್ ಕೂಡ ಸಿಗುತ್ತದೆ. 50 ಮೀಟರ್ ಮ್ಯಾಚಿನಲ್ಲಿ ಹೇಗೂ ಒಂದೊಂದೇ ಹಾಕಿ ಹೊಡೆಯಬೇಕು, ಅಭ್ಯಾಸವೂ ಹಾಗೇ ಇರಲಿ. ಅಭ್ಯಾಸಕ್ಕೆ ಸಿಸಿಐ ಸ್ಟ್ಯಾಂಡರ್ಡ್ ಅಥವಾ ಎಸ್‌ಕೆ ತೋಟೆ ಸಾಕು. ಈಲಿ ಟೆನೆಕ್ಸ್ ಒಳ್ಳೆಯದೇ, ಆದರೆ ಫೀಡಿಂಗ್ ಸರಿಯಿಲ್ಲದ ಮ್ಯಾಗಜಿನ್ನಿಗೆ ಅದನ್ನು ಹಾಕಿ ಹಣ ಸುಡಬೇಡಿ. ಮಂಗಳೂರು ಕಡೆ ಹೊಡೆಯಲು ಹೋಗುವವರು ತಲಪಾಡಿಯಲ್ಲಿ ರಾಜ್ಯದ ಗಡಿ ದಾಟುವ ಮೊದಲು ಲೈಸೆನ್ಸಿನಲ್ಲಿ ಏರಿಯಾ ಎಲ್ಲಿಯವರೆಗೆ ಅಂತ ಬರೆದಿದೆ ನೋಡಿಕೊಳ್ಳಿ.

ರೈಗಳೇ, ತೆಂಗಿನೆಣ್ಣೆ ಪೂರ್ತಿ ಒರೆಸಿ, ಡಮ್ಮಿ ಹಾಕಿ, ರಿಮ್ ನೋಡಿಕೊಂಡು ತುಂಬಿ. ಹತ್ತು ಸಲ ಮಾಡಿ ಎಷ್ಟು ಸಲ ಸಿಕ್ಕಿತು ಅಂತ ಬರೆಯಿರಿ. ಲಿಪ್ಪಿನ ಒಂದು ಫೋಟೋ ನೇರ ಮೇಲಿಂದ ತೆಗೆದು ಹಾಕಿ, ಖಾಲಿ ಮ್ಯಾಗಜಿನ್‌ನದ್ದು. ಈಗಾಗಲೇ ಒಮ್ಮೆ ಬಗ್ಗಿಸಿದ್ದರೆ ಅದನ್ನೂ ಹೇಳಿ.