ಅಪ್ಪ-ಅಮ್ಮನ ಫೋನು, ಇಲ್ಲಿಯ ಬದುಕು

ಪರದೇಶದಲ್ಲಿ ನೆಲೆಸಿರುವ ನೀವು “ಇಲ್ಲಿ ಎಪ್ಪತ್ತು ದಾಟಿದವರೂ ಬ್ಯಾಂಕು, ಡಾಕ್ಟರ ಅಪಾಯಿಂಟ್‌ಮೆಂಟು ಎಲ್ಲ ಆನ್‌ಲೈನಿನಲ್ಲೇ ಮುಗಿಸುತ್ತಾರೆ. ಮುಂದಿನ ತಿಂಗಳು ಬರುವ ನನ್ನ ಅಪ್ಪ-ಅಮ್ಮನಿಗೂ ಅದು ಕೈಗೆ ಹತ್ತೀತೇ?” ಎಂದು ಕೇಳಿದ್ದೀರಿ. ಖಂಡಿತ ಹತ್ತುತ್ತದೆ. ಆದರೆ ಇಲ್ಲಿಯ ಹಿರಿಯರು ಬಂದ ದಾರಿಯೇ ಬೇರೆ. ಉದಾಹರಣೆಗೆ, ಆನ್‌ಲೈನಿನಲ್ಲಿ ತಮ್ಮ ಗುರುತು ತೋರಿಸಲು ಬಳಸುವ ಸ್ವೀಡನ್ನಿನ ಬ್ಯಾಂಕ್‌ಐಡಿ 2003ರಿಂದ ಇದೆ. ಈಗ 75ರ ಆಸುಪಾಸಿನಲ್ಲಿರುವವರು ಆಗ ಇನ್ನೂ ದುಡಿಯುವ ವಯಸ್ಸಿನವರು. ಆಫೀಸಿನ ಕಂಪ್ಯೂಟರಿನಲ್ಲಿ ಪಳಗಿದ ಕೈಗೆ ಆಮೇಲೆ ಫೋನು ಬಂತು. ನಮ್ಮ ಹಿರಿಯರಲ್ಲಿ ಬಹಳ ಮಂದಿಗೆ ಮೊಬೈಲೇ ಮೊದಲ ಕಂಪ್ಯೂಟರು. ಅವರಿಗೆ ವಾಯ್ಸ್ ಮೆಸೇಜ್ ಸಲೀಸು, ಪಾಸ್‌ವರ್ಡ್ ಕಗ್ಗಂಟು. ಚೀನಾದಲ್ಲೂ ಪಿನ್‌ಯಿನ್ (ಚೀನೀ ಭಾಷೆಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವ ಕ್ರಮ) ಟೈಪಿಸಲು ಬಾರದ ಹಿರಿಯರು ವೀಚಾಟ್ ಎಂಬ ಮೆಸೇಜ್ ಆಪ್‌ನಲ್ಲಿ ಮಾತಾಡಿಯೇ ಕಳಿಸುತ್ತಾರೆ. ಹಾಗಾಗಿ ಇಮೇಲಿನಿಂದ ಪಾಠ ಶುರು ಮಾಡಬೇಡಿ.

ಮೊದಲು ಸಿಮ್ಮಿನ ವಿಚಾರ. ಇಲ್ಲಿಯ ಸಿಮ್ ಹಾಕಿದ ಮೇಲೆ ವಾಟ್ಸಾಪ್ ನಂಬರ್ ಬದಲಿಸಲೇ ಎಂದು ಕೇಳಿದರೆ ಬೇಡ ಎನ್ನಿ. ಹಳೆಯ ನಂಬರಿನಲ್ಲೇ ನಡೆಯುತ್ತದೆ. ಆದರೆ ಫೋನ್ ಕಳೆದುಹೋದರೆ ಒಟಿಪಿ ಬರುವುದು ಆ ಹಳೆಯ ನಂಬರಿಗೇ. ಎರಡು ಸಿಮ್ಮಿನ ಫೋನ್ ಕೊಡಿಸಿ, ಹೊರಡುವ ಮುನ್ನವೇ ಹಳೆಯದಕ್ಕೆ ರೋಮಿಂಗ್ ಮಾಡಿಸಿ, ಅದರ ಡೇಟಾ ಮಾತ್ರ ಆಫ್ ಇಡಿ. ರೀಚಾರ್ಜ್ ತಪ್ಪಿಸಬೇಡಿ, ಬಹಳ ದಿನ ಸತ್ತು ಬಿದ್ದ ನಂಬರ್ ಇನ್ನೊಬ್ಬರ ಪಾಲಾಗುತ್ತದೆ.

“ನಾನು ಒತ್ತಿದರೆ ಇದು ಕೇಳುವುದೇ ಇಲ್ಲ” ಎಂಬ ದೂರು ಬಂದೇ ಬರುತ್ತದೆ. ತಪ್ಪು ಅವರದಲ್ಲ. ವಯಸ್ಸಾದಂತೆ ಚರ್ಮ ಒಣಗುತ್ತದೆ, ಒಣ ಬೆರಳನ್ನು ಸ್ಕ್ರೀನ್ ಸರಿಯಾಗಿ ಗುರುತಿಸುವುದಿಲ್ಲ. ಅವರು ಇನ್ನಷ್ಟು ಅದುಮಿ ಹಿಡಿಯುತ್ತಾರೆ. ಫೋನು ಅದನ್ನು ಲಾಂಗ್ ಪ್ರೆಸ್ ಎಂದುಕೊಂಡು ಬೇರೇನೋ ಮೆನು ತೆರೆಯುತ್ತದೆ, ಇಲ್ಲವೇ ಐಕಾನ್ ಜಾಗ ಬಿಟ್ಟು ಕದಲುತ್ತದೆ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್, ಆಕ್ಸೆಸಿಬಿಲಿಟಿಯೊಳಗೆ ‘ಟಚ್ ಅಂಡ್ ಹೋಲ್ಡ್ ಡಿಲೇ’ ಹುಡುಕಿ ‘ಲಾಂಗ್’ ಮಾಡಿ. ಬೆರಳಿನ ಗೆರೆಗಳು ಸವೆದಿದ್ದರೆ ಫಿಂಗರ್‌ಪ್ರಿಂಟ್ ಕೈಕೊಡುತ್ತದೆ, ಪಿನ್ ಇಡಿ. ಅಕ್ಷರವನ್ನು ಒಮ್ಮೆಲೇ ಪೂರ್ತಿ ದೊಡ್ಡದು ಮಾಡಬೇಡಿ: ಕೆಲವು ಆಪ್‌ಗಳಲ್ಲಿ ಕೆಳಗಿನ ‘ಮುಂದೆ’ ಬಟನ್ನೇ ಸ್ಕ್ರೀನಿನಿಂದ ಆಚೆ ಹೋಗುತ್ತದೆ. ರಿಂಗ್‌ಟೋನ್ ಕೀಚಲಾಗಿರದೆ ದಪ್ಪ ದನಿಯದಾಗಿರಲಿ. ವಯಸ್ಸಾದ ಕಿವಿ ಮೊದಲು ಕಳೆದುಕೊಳ್ಳುವುದು ಕೀಚಲು ದನಿಯನ್ನು.

ಜಪಾನಿನಲ್ಲಿ ಹಿರಿಯರಿಗೆಂದೇ ಮಾಡಿದ ರಾಕುರಾಕು ಫೋನಿನಲ್ಲಿ 1, 2, 3 ಎಂಬ ಬಟನ್‌ಗಳಿದ್ದವು. ಒಂದನ್ನು ಒತ್ತಿದರೆ ನೇರ ಮಗಳಿಗೆ ಕರೆ. ಬಹಳ ಒಳ್ಳೆಯ ಉಪಾಯ. ನಿಮ್ಮ ನಂಬರನ್ನೂ ಹಾಗೆಯೇ ಹೋಮ್ ಸ್ಕ್ರೀನಿನ ಮೇಲೆ ಡೈರೆಕ್ಟ್ ಡಯಲ್ ಆಗಿ ಇಟ್ಟುಬಿಡಿ.

ಒಂದು ವಿಷಯದಲ್ಲಿ ಮಾತ್ರ ತುಂಬ ಎಚ್ಚರ. ಮನೆಯ ಒಬ್ಬರ ಫೋನಿನಲ್ಲಿ ಎಲ್ಲರ ಕೆಲಸ ಮುಗಿಸುವುದು ಹಲವು ಕುಟುಂಬಗಳಲ್ಲಿ ಸಹಜ. ಬ್ಯಾಂಕ್‌ಐಡಿಯಂಥ ಗುರುತಿಗೆ ಅದು ಸಲ್ಲದು. ಅಪ್ಪನ ಐಡಿಯನ್ನು ನೀವು ಬಳಸಿದರೂ ನಿಯಮ ಮುರಿದಂತೆಯೇ. ಅವರ ಪರವಾಗಿ ವ್ಯವಹರಿಸಲು ಅಧಿಕಾರಪತ್ರ ಮಾಡಿಸಿಕೊಳ್ಳಿ. ಬ್ಯಾಂಕ್‌ಐಡಿಯಂಥದ್ದೇ ಆದ ಡೆನ್ಮಾರ್ಕಿನ ಮಿಟ್‌ಐಡಿಗೆ ಆಪ್ ಬಳಸಲಾಗದವರಿಗಾಗಿ ಕೋಡ್ ತೋರಿಸುವ ಪುಟ್ಟ ಸಾಧನವಿದೆ, ಕೋಡನ್ನು ಓದಿ ಹೇಳುವುದೂ ಇದೆ. ನೀವಿರುವಲ್ಲಿ ಅಂಥದ್ದು ಸಿಗುತ್ತದೆಯೇ ವಿಚಾರಿಸಿ.

“ಅಮ್ಮಾ, ಫೋನ್ ಕಳೆಯಿತು, ಇದು ಹೊಸ ನಂಬರು, ತುರ್ತಾಗಿ ದುಡ್ಡು ಹಾಕು” ಎಂಬ ಮೋಸದ ಮೆಸೇಜ್ ಹಲವು ದೇಶಗಳಲ್ಲಿ ಓಡಾಡುತ್ತದೆ. ಮನೆಮಂದಿಗಷ್ಟೇ ಗೊತ್ತಿರುವ ಒಂದು ಗುಟ್ಟಿನ ಮಾತು ಇಟ್ಟುಕೊಳ್ಳಿ. ಅದನ್ನು ಹೇಳದವರಿಗೆ ದುಡ್ಡಿಲ್ಲ. ಆ ಮಾತನ್ನು ಬಾಯಲ್ಲೇ ತಿಳಿಸಿ, ಯಾವ ಫೋನಿನಲ್ಲೂ ಬರೆದಿಡಬೇಡಿ.